ಎಡ ಜೇಬಿನ ಪುಟಾಣಿ

೧೯೫೫ನೇ ಇಸವಿಯ ಶ್ರಾವಣ ಮಾಸ. ನಾನು ರೋಣದ ಹೈಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿ, ಊರಿಗೆ ಬಂದು, ನೌಕರಿಗೆ ಅರ್ಜಿ ಹಾಕುತ್ತ ಕುಳಿತಿದ್ದ ಕಾಲ. ನಮ್ಮ ಭಾಗ ಆಗಿನ್ನೂ ಮುಂಬೈ ರಾಜ್ಯದಲ್ಲಿತ್ತು. ಆ ವರ್ಷದ ನಾಗರ ಪಂಚಮಿಯಲ್ಲಿ ನಡೆದದ್ದನ್ನು ನಾನು ನನ್ನ ಹೆಂಡತಿಗೂ ಹೇಳಲಿಲ್ಲ. ಆಕೆ ತೀರಿಕೊಂಡು ಬಹಳ ವರ್ಷಗಳಾದವು. ನನಗೂ ಎಂಬತ್ತು ದಾಟಿ ಎಷ್ಟೋ ದಿನವಾಯಿತು. ಇನ್ನು ಬರೆಯದಿದ್ದರೆ ಬರೆಯುವುದಕ್ಕೆ ಆಗುವುದಿಲ್ಲ.

ನಮ್ಮೂರು ರೋಣದಿಂದ ಯಾವಗಲ್ ಕಡೆಗೆ ಹೋಗುವ ದಾರಿಯಲ್ಲಿದೆ. ಪಂಚಮಿಗೆ ಹೆಣ್ಣುಮಕ್ಕಳಿಗೆ ಜೋಕಾಲಿಯಾದರೆ ಗಂಡುಮಕ್ಕಳಿಗೆ ಲಿಂಬೆಹಣ್ಣು ಎಸೆಯುವ ಪಂಥ. ಹನುಮಪ್ಪನ ಗುಡಿಯ ಮುಂದಿನಿಂದ ಎಸೆಯಲು ಶುರುಮಾಡಬೇಕು. ಹಣ್ಣು ಎಲ್ಲಿ ಬೀಳುತ್ತದೆಯೋ ಅಲ್ಲಿಂದ ಮತ್ತೆ ಎಸೆಯಬೇಕು. ಹೀಗೆ ಎಸೆಯುತ್ತ ಎಸೆಯುತ್ತ ಹೊಲಗಳನ್ನು ದಾಟಿ ಹಳ್ಳ ದಾಟುವ ಸಂಕ ಮುಟ್ಟಬೇಕು. ಯಾರು ಕಡಿಮೆ ಎಸೆತದಲ್ಲಿ ಮುಟ್ಟುತ್ತಾರೋ ಅವರು ಗೆದ್ದರು. ಸೋತವರು ತೆಂಗಿನಕಾಯಿ ಕೊಡಬೇಕು. ಈಗ ಟಿವಿಯಲ್ಲಿ ಗಾಲ್ಫ್ ಆಟ ತೋರಿಸುತ್ತಾರಲ್ಲ, ಅದೇ ಲೆಕ್ಕ. ಅಲ್ಲಿ ಒಬ್ಬ ಆಟಗಾರನ ಹೊಡೆತಗಳನ್ನು ಅವನ ಎದುರಾಳಿಯೇ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ, ಕೊನೆಗೆ ಇಬ್ಬರೂ ಸಹಿ ಮಾಡುತ್ತಾರೆ ಎಂದು ನನ್ನ ಮೊಮ್ಮಗ ಹೇಳಿದಾಗ ನಾನು ಟಿವಿ ಬಿಟ್ಟು ಎದ್ದು ಹೊರಗೆ ಹೋದೆ. ನಮ್ಮಲ್ಲೂ ಪದ್ಧತಿ ಅದೇ ಇತ್ತು. ಮೇಲಿನ ಓಣಿಯವನು ಎಸೆದರೆ ಎಣಿಸುವವನು ಕೆಳಗಿನ ಓಣಿಯವನು. ಕೆಳಗಿನ ಓಣಿಯವನು ಎಸೆದರೆ ಎಣಿಸುವವನು ಮೇಲಿನ ಓಣಿಯವನು.

ಚೀಟಿ ಮಾತ್ರ ಇರಲಿಲ್ಲ. ಐವತ್ತು ಹುಣಸೆ ಬೀಜಗಳನ್ನು ಎಲ್ಲರ ಎದುರು ಎಣಿಸಿ ಎಣಿಕೆಯವನ ಕೈಗೆ ಕೊಡುತ್ತಿದ್ದರು. ಒಂದು ಎಸೆತಕ್ಕೆ ಒಂದು ಬೀಜ ಬಿಸಾಡಬೇಕು. ಸಂಕ ಮುಟ್ಟಿದ ಮೇಲೆ ಯಾರ ಲೆಕ್ಕದಲ್ಲಿ ಹೆಚ್ಚು ಬೀಜ ಉಳಿಯುತ್ತವೆಯೋ ಆ ಎಸೆತಗಾರ ಗೆದ್ದ. ಹರಳು ಬಳಸಬಹುದಿತ್ತು. ಆದರೆ ನಮ್ಮದು ಎರೆಭೂಮಿ. ಇಡೀ ಹೊಲ ಹುಡುಕಿದರೂ ಮುಷ್ಟಿಯಷ್ಟು ಹರಳು ಸಿಗುವುದಿಲ್ಲ. ಇನ್ನು ಎಸೆಯುವವನು ತನ್ನ ಎಸೆತ ತಾನು ಎಣಿಸಬಾರದು, ಎಣಿಸಿದರೆ ತೋಳು ಸೋಲುತ್ತದೆ ಎಂಬ ನಂಬಿಕೆ ಇತ್ತು. ಹಾಗಾಗಿ ಅವನು ಹಣ್ಣಿನ ಮೇಲಷ್ಟೇ ಕಣ್ಣಿಟ್ಟು ನಡೆಯುತ್ತಿದ್ದ.

ಆ ವರ್ಷ ಮೇಲಿನ ಓಣಿಯಿಂದ ಎಸೆಯುವವನು ನನ್ನ ಕಾಕಾನ ಮಗ ಬಸವಂತ. ನನಗಿಂತ ಐದಾರು ವರ್ಷ ದೊಡ್ಡವನು. ಕೆಳಗಿನ ಓಣಿಯಿಂದ ಈರಪ್ಪ. ಈರಪ್ಪ ನನ್ನ ಸರಿಯವನು. ಸಾಲಿ ಬಿಟ್ಟು ಹೊಲ ಹಿಡಿದಿದ್ದ. ನಾವಿಬ್ಬರೂ ಒಂದೇ ಬಾವಿಯಲ್ಲಿ ಈಸು ಕಲಿತವರು. ಓಣಿಗಳ ನಡುವೆ ಏನೇ ಇರಲಿ, ಅವನ ತಂಗಿ ಗಂಗವ್ವ ಪಂಚಮಿಗೆ ಅಣ್ಣನಿಗೆ ಉಂಡಿ ಕೊಡುವಾಗ ನನಗೂ ಒಂದು ತೆಗೆದಿಡುತ್ತಿದ್ದಳು. ಹಿಂದಿನ ವರ್ಷ ಆಕೆಯನ್ನು ಇಟಗಿಗೆ ಮದುವೆ ಮಾಡಿ ಕೊಟ್ಟಿದ್ದರು. ಹಬ್ಬಕ್ಕೆ ತವರಿಗೆ ಬಂದಿದ್ದಳು.

ಹಬ್ಬದ ಹಿಂದಿನ ದಿನ ಕಟ್ಟೆಯ ಮೇಲೆ ಹುಡುಗರೆಲ್ಲ ಸೇರಿದ್ದೆವು. ಬಸವಂತ ಈರಪ್ಪನನ್ನು ಕೆಣಕಿದ.

"ಹ್ವಾದ ವರ್ಷ ನಿನ್ನ ಲಿಂಬಿಹಣ್ಣ ಹೆಸರಿನ ಹೊಲದಾಗ ಹೊಕ್ಕಿದ್ದು ಇನ್ನೂ ಹೊರಗ ಬಂದಿಲ್ಲಲ್ಲೋ ಈರ್ಯಾ. ಅಲ್ಲೇ ಸಂಸಾರ ಹೂಡೇತೇನ?"

"ಈ ವರ್ಷ ನಿನ್ನ ತಲಿ ಮ್ಯಾಲಿಂದ ಹೋಗತೈತಿ. ರುಂಬಾಲ ಗಟ್ಟಿ ಹಿಡಕೊ" ಎಂದ ಈರಪ್ಪ.

"ಅಷ್ಟ ಧೈರ್ಯ ಇದ್ದರ ಟೆಂಗಿನಕಾಯಿ ಪಂಥ ಯಾಕ? ಸೋತಾಂವ ನಾಳಿಂದ ಮರದಿನ ಹೊಳಿಮಣ್ಣೂರಿಗೆ ಹೋಗಿ ಹೊಳಿ ಈಸಬೇಕು. ಆಕಡಿ ದಂಡಿ ಮುಟ್ಟಿ ಕೈ ಎತ್ತಬೇಕು. ಏನಂತಿ?"

ಹೊಳೆ ಎಂದರೆ ಮಲಪ್ರಭೆ. ಆಗಿನ್ನೂ ಅದಕ್ಕೆ ಮೇಲೆ ಆಣೆಕಟ್ಟು ಇರಲಿಲ್ಲ. ಶ್ರಾವಣದಲ್ಲಿ ಹೊಳೆ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಬಸವಂತನ ತಾಯಿಯ ತವರು ಹೊಳೆಮಣ್ಣೂರು. ಅವನು ಸಣ್ಣವನಿದ್ದಾಗಿನಿಂದ ಆ ನೀರಿನಲ್ಲಿ ಬಿದ್ದು ಎದ್ದವನು. ಈರಪ್ಪನಿಗೆ ಬಾವಿ ಮಾತ್ರ ಗೊತ್ತು. ಆದರೆ ಇಷ್ಟು ಜನರ ನಡುವೆ ಇಲ್ಲ ಎನ್ನಲು ಅವನಿಂದ ಆಗಲಿಲ್ಲ.

"ಆತು" ಎಂದ.

ಹಿರಿಯರಿಗೆ ಯಾರೂ ಹೇಳಬಾರದು ಎಂದು ಅಲ್ಲೇ ಮಾತಾಯಿತು. ಹಿರಿಯರ ಲೆಕ್ಕದಲ್ಲಿ ಪಂಥ ತೆಂಗಿನಕಾಯಿಯದು. ನಮ್ಮ ಲೆಕ್ಕದಲ್ಲಿ ಹೊಳೆಯದು.

ಮರುದಿನ ಮಧ್ಯಾಹ್ನ ಗುಡಿಯ ಮುಂದೆ ಎರಡೂ ಓಣಿಯವರು ಸೇರಿದರು. ಬಸವಂತನ ಎಸೆತ ಎಣಿಸಲು ಕೆಳಗಿನ ಓಣಿಯ ದ್ಯಾಮಣ್ಣ ನಿಂತ. ಈರಪ್ಪನ ಎಸೆತ ಎಣಿಸಲು ಮೇಲಿನ ಓಣಿಯವರು ನನ್ನನ್ನು ಮುಂದೆ ನೂಕಿದರು. "ಮೆಟ್ರಿಕ್ ಸಾಹೇಬರ ಲೆಕ್ಕ ತಪ್ಪೂದಿಲ್ಲ ಬಿಡ್ರಿ" ಎಂದು ಯಾರೋ ಅಂದರು, ನಕ್ಕರು. ನನಗೆ ಹೆಮ್ಮೆಯೇ ಆಯಿತು.

ಹುಣಸೆ ಬೀಜದ ಚೀಲ ಪ್ರತಿ ವರ್ಷ ಊರಿನ ಹಿರಿಯ ಚೆನ್ನಪ್ಪಜ್ಜನ ಮನೆಯಲ್ಲಿರುತ್ತಿತ್ತು. ಅಜ್ಜ ಅದನ್ನು ತರುವುದು ಮರೆತಿದ್ದ. ಮನೆ ಊರಿನ ಆ ತುದಿಗೆ. ಮುಗಿಲು ಕಪ್ಪಾಗುತ್ತಿತ್ತು. ಆಗ ನಾನೇ ಅಂದೆ, "ಅಜ್ಜಾರ, ಬೀಜಾನ ಯಾಕ ಬೇಕ್ರಿ? ಪುಟಾಣಿ ಅದಾವಲ್ಲ. ಯಾವ ಕಾಳಾದರೇನು, ಐವತ್ತ ಅಂದರ ಐವತ್ತ."

ಪಂಚಮಿಯಲ್ಲಿ ಯಾರ ಜೇಬಿನಲ್ಲಿ ನೋಡಿದರೂ ಪುಟಾಣಿ. ಹುರಿಗಡಲೆ ಇಲ್ಲದ ಹಬ್ಬವೇ ಇಲ್ಲ. ಅಜ್ಜ ನನ್ನನ್ನು ಒಂದು ಗಳಿಗೆ ನೋಡಿದ. "ತಿನ್ನೂ ಕಾಳ ಎಣಿಕಿಗೆ ಇಟ್ಟವರನ್ನ ನಾ ಕಂಡಿಲ್ಲಪ" ಎಂದ. ಆದರೂ ಮಳೆಯ ಅವಸರದಲ್ಲಿ ಒಪ್ಪಿದ. ದ್ಯಾಮಣ್ಣನಿಗೆ ಐವತ್ತು, ನನಗೆ ಐವತ್ತು ಎಣಿಸಿ ಕೊಟ್ಟರು. ನಾನು ಎಣಿಕೆಯ ಪುಟಾಣಿಗಳನ್ನು ಅಂಗಿಯ ಎಡ ಜೇಬಿಗೆ ಹಾಕಿಕೊಂಡೆ. ತಿನ್ನಲು ಅವ್ವ ಕೊಟ್ಟಿದ್ದವು ಬಲ ಜೇಬಿನಲ್ಲಿದ್ದವು.

ಈರಪ್ಪ ಅಂದು ಎಸೆದ ಹಾಗೆ ಯಾರೂ ಎಸೆದದ್ದನ್ನು ನಾನು ನೋಡಿಲ್ಲ. ಹಣ್ಣು ಅವನ ಕೈ ಬಿಟ್ಟರೆ ಕಾಣುತ್ತಲೇ ಇರಲಿಲ್ಲ. ದೂರದಲ್ಲಿ ಹೆಸರಿನ ಬೆಳೆ ಅಲುಗಿದಾಗಲೇ ಬಿದ್ದದ್ದು ಗೊತ್ತಾಗುತ್ತಿತ್ತು. ಅವನು ಎಸೆಯುವುದು, ನಾನು ಒಂದು ಪುಟಾಣಿ ಬಿಸಾಡುವುದು, ಇಬ್ಬರೂ ಓಡಿ ಹುಡುಕುವುದು. ಬಸವಂತ ಬೇರೆ ಬದುವಿನ ಗುಂಟ ಹೋದ. ಅರ್ಧ ದಾರಿ ಆಗುವಷ್ಟರಲ್ಲಿ ಜಿಟಿಜಿಟಿ ಮಳೆ ಶುರುವಾಯಿತು. ನಮ್ಮ ಹಿಂದೆ ಬರುತ್ತಿದ್ದವರು ಹೊಲದ ಕೆಸರು ಬಿಟ್ಟು ದಾರಿ ಹಿಡಿದು ಸಂಕದ ಕಡೆ ನಡೆದರು. ಹೊಲದಲ್ಲಿ ಉಳಿದವರು ಈರಪ್ಪ ಮತ್ತು ನಾನು.

ನಾನು ಕಂಬಳಿಯ ಕೊಪ್ಪೆ ಹಾಕಿಕೊಂಡೆ. ಗಾಳಿಗೆ ಅದು ಹಾರದಂತೆ ಬಲಗೈಯಿಂದ ಗದ್ದದ ಹತ್ತಿರ ಹಿಡಿದುಕೊಳ್ಳಬೇಕಾಯಿತು. ಆಮೇಲೆ ಎಲ್ಲದಕ್ಕೂ ಎಡಗೈಯೇ. ಎಸೆತಕ್ಕೊಂದು ಪುಟಾಣಿ ಬಿಸಾಡುತ್ತಿದ್ದೆ. ಅಷ್ಟು ಖಾತ್ರಿ ಇದೆ. ಆದರೆ ನಡುನಡುವೆ, ಹಣ್ಣು ಹುಡುಕುವ ಗಡಿಬಿಡಿಯಲ್ಲಿ, ಆ ಕೈ ಇನ್ನೇನು ಮಾಡಿತು ಎಂಬುದರ ಮೇಲೆ ನನ್ನ ಗಮನ ಇರಲಿಲ್ಲ.

ಸಂಕದ ಹತ್ತಿರ ಎಲ್ಲರೂ ಕಾಯುತ್ತಿದ್ದರು. ಬಸವಂತ ಆಗಲೇ ಮುಟ್ಟಿದ್ದ. ದ್ಯಾಮಣ್ಣ ಅಜ್ಜನ ಧೋತರದ ಮೇಲೆ ಉಳಿದ ಪುಟಾಣಿ ಸುರಿದ. ಏಳು. ನಾನು ಎಡ ಜೇಬಿಗೆ ಕೈ ಹಾಕಿ ಸುರಿದೆ. ಆರು.

ಮೇಲಿನ ಓಣಿಯವರು ಕೂಗಿದರು. ಬಸವಂತನನ್ನು ಹೆಗಲ ಮೇಲೆ ಎತ್ತಿದರು. ಆಗಲೇ ನನ್ನ ನಾಲಿಗೆಗೆ ಹಲ್ಲಿನ ಸಂದಿಯಲ್ಲಿ ಏನೋ ತಾಗಿತು. ಪುಟಾಣಿಯ ಚೂರು. ಬಲ ಜೇಬಿಗೆ ನಾನು ಮಳೆ ಶುರುವಾದ ಮೇಲೆ ಕೈ ಹಾಕಿರಲಿಲ್ಲ.

ನಾನು ತಿಂದಿದ್ದೆ. ಈರಪ್ಪನ ಎಸೆತವನ್ನು ತಿಂದಿದ್ದೆ. ಒಂದು ತಿಂದಿದ್ದರೆ ಇಬ್ಬರೂ ಸಮ. ಎರಡು ತಿಂದಿದ್ದರೆ ಈರಪ್ಪ ಗೆದ್ದ. ಎಷ್ಟು ತಿಂದೆ? ಎಷ್ಟು ನೆನಪಿಸಿಕೊಂಡರೂ ಬರೀ ಹಸಿರು ಬೆಳೆ, ಹಳದಿ ಹಣ್ಣು, ಈರಪ್ಪನ ಬೆನ್ನು, ಇಷ್ಟೇ ಕಣ್ಣಿಗೆ ಬರುತ್ತಿತ್ತು. ಬಲ ಜೇಬಿನಲ್ಲಿ ಪುಟಾಣಿ ಇನ್ನೂ ಇದ್ದವು. ಸುರಿಯುವ ಮೊದಲೇ ಗೊತ್ತಾಗಿದ್ದರೆ ತೆಗೆದು ಸೇರಿಸುತ್ತಿದ್ದೆನೇನೋ. ಆದರೆ ಎಷ್ಟು ಸೇರಿಸಬೇಕಿತ್ತು?

ಕೆಳಗಿನ ಓಣಿಯವರಿಗೆ ಸಮಾಧಾನ ಇರಲಿಲ್ಲ. "ಒಂದ ಕಾಳಿನ ಫರಕ. ಎಣಿಸಿದಾಂವ ಅವರ ಪೈಕಿ" ಎಂದು ದ್ಯಾಮಣ್ಣ ಅಂದ. "ಗುಡಿಗೆ ನಡೀರಿ. ಶಿವಪ್ಪ ಭಂಡಾರ ಮುಟ್ಟಿ ಹೇಳಲಿ."

ಶಿವಪ್ಪ ಎಂದರೆ ನಾನೇ. ಹಿಂದಿನೊಂದು ವರ್ಷ ಇದೇ ಎಣಿಕೆಯ ಸಲುವಾಗಿ ಬಡಿಗೆ ಎದ್ದು ಒಬ್ಬನ ತಲೆ ಒಡೆದಿತ್ತು. ಎಣಿಸಿದವನು ಅರ್ಧ ವರ್ಷ ಊರಿಗೆ ಬರಲಿಲ್ಲ. ದೇವರ ಅರಿಶಿನವಾದ ಭಂಡಾರ ಮುಟ್ಟಿ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಇಷ್ಟು ಜನರ ಎದುರು ಖರೆ ಹೇಳುವ ಧೈರ್ಯವೂ ಇರಲಿಲ್ಲ.

ಆಗ ಈರಪ್ಪ ನಡುವೆ ಬಂದ. ಮೈಯೆಲ್ಲ ಕೆಸರು. ಲಿಂಬೆಹಣ್ಣು ಇನ್ನೂ ಕೈಯಲ್ಲಿತ್ತು.

"ಭಂಡಾರ ಬ್ಯಾಡ್ರಿ ಅಜ್ಜಾರ. ಶಿವಪ್ಪ ಆರು ಅಂದರ ಆರು. ಅವನ ಮ್ಯಾಲ ಸಂಶೆ ಮಾಡಿದರ ಅದು ನಾ ಸೋತದ್ದಕ್ಕಿಂತ ಕೀಳು."

ಜನ ಚದುರಿದರು. ನಾನು ಉಳಿದೆ ಎಂದುಕೊಂಡೆ. ಮನೆಗೆ ಬರುವ ದಾರಿಯಲ್ಲಿ ಹೊಳೆ ನೆನಪಾಯಿತು.

ಆ ಸಂಜೆ ಎರಡು ಸಲ ಚೆನ್ನಪ್ಪಜ್ಜನ ಮನೆಯ ತನಕ ಹೋದೆ. ಪುಟಾಣಿಯ ಸುದ್ದಿ ಹೇಳುವುದು ಬೇಡ, ಹೊಳೆಯ ಪಂಥದ ಸುದ್ದಿಯಷ್ಟೇ ಹೇಳಿದರೂ ಸಾಕಿತ್ತು; ಅಜ್ಜ ತಡೆಯುತ್ತಿದ್ದ. ಎರಡನೆಯ ಸಲ ಅಜ್ಜನೇ ನೋಡಿ, "ಏನಪಾ ಸಾಹೇಬ, ಲೆಕ್ಕ ಮಾಡಿ ದಣದಿಯೇನ? ಬಾ, ಉಂಡಿ ತಿನ್ನು" ಎಂದ. ಚಾಡಿ ಹೇಳಿದ ಎಂದು ಹುಡುಗರು ಜೀವಮಾನವೆಲ್ಲ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆಗೆ ಇಲ್ಲರಿ ಎಂದು ತಿರುಗಿ ಬಂದೆ.

ಮರುದಿನ ಬೆಳಿಗ್ಗೆ ಹತ್ತು ಹನ್ನೆರಡು ಹುಡುಗರು ಎರಡು ಬಂಡಿ ಹೂಡಿಕೊಂಡು ಹೊಳೆಮಣ್ಣೂರಿಗೆ ಹೊರಟೆವು. ದಾರಿಯುದ್ದಕ್ಕೂ ಈರಪ್ಪ ಎಲ್ಲರಿಗಿಂತ ಹೆಚ್ಚು ಮಾತಾಡಿದ. ಹಾಡಿದ. ಎತ್ತುಗಳನ್ನು ಬೈದ. ನನಗೆ ಅವನ ಕಿವಿಯ ಹಿಂದಿನ ನರ ಬಡಿದುಕೊಳ್ಳುವುದು ಕಾಣುತ್ತಿತ್ತು.

ಹೊಳೆ ಕಾಣುವ ಮೊದಲೇ ಅದರ ಸಪ್ಪಳ ಕೇಳಿತು. ಬೀಸುವ ಕಲ್ಲಿನ ಸಪ್ಪಳದ ಹಾಗೆ, ಆದರೆ ನೆಲದೊಳಗಿಂದ ಬಂದ ಹಾಗೆ. ದಂಡೆಗೆ ಬಂದು ನಿಂತರೆ ಆಕಡೆಯ ದಂಡೆಯ ಜಾಲಿ ಗಿಡಗಳು ಸಣ್ಣ ಪೊದೆಗಳಂತೆ ಕಂಡವು. ಕೆಂಪು ನೀರು. ನಡುವೆ ನೀರು ದಂಡೆಗಿಂತ ಎತ್ತರ ಉಬ್ಬಿದ ಹಾಗಿತ್ತು. ಒಂದು ಇಡೀ ಗಿಡ ಬೇರು ಸಮೇತ ತಿರುಗುತ್ತ ಹೋಯಿತು. ಹಿಂದೆಯೇ ಸತ್ತ ಎಮ್ಮೆಯೊಂದು ಹೊಟ್ಟೆ ಉಬ್ಬಿ ತೇಲಿ ಹೋಯಿತು.

ಅಂಬಿಗರ ಮುದುಕನೊಬ್ಬ ಹರಗೋಲನ್ನು ಬೋರಲು ಹಾಕಿ ಅದರ ಪಕ್ಕ ಕುಳಿತಿದ್ದ. ನಮ್ಮ ಮಾತು ಕೇಳಿ ಅವನು ನಗಲಿಲ್ಲ. "ಮ್ಯಾಲ ಖಾನಾಪುರದ ಕಡಿ ಮಳಿ ಹಿಡದೈತಿ. ಹುಟ್ಟ ಹಾಕಿ ಹೊಟ್ಟಿ ಹೊರಿಯೂ ನಾವ ಹೊಳಿ ಮುಟ್ಟಿಲ್ಲ. ನೀವು ಯಾರ ಮಕ್ಕಳೋ, ಮನಿಗೆ ಹೋಗ್ರಿ" ಎಂದ.

ಬಸವಂತನ ಮುಖ ಬಿಳಿಚಿತ್ತು. ಅವನಿಗೆ ಆ ನೀರು ಗೊತ್ತಿತ್ತು. "ಈರ್ಯಾ, ಬ್ಯಾಡ ಬಿಡು. ಸೋತೆ ಅನ್ನು, ಮುಗೀತು" ಎಂದ.

"ಸೋತದ್ದು ನಿನ್ನೇನ ಆತು. ಇವತ್ತ ಅಂಜಿದೆ ಅಂತ ಬ್ಯಾರೆ ಅನ್ನಬೇಕೇನ?" ಎಂದು ಈರಪ್ಪ ಅಂಗಿ ಬಿಚ್ಚಿದ.

ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಕೇಳಿತು. ಗಂಗವ್ವ. ಯಾರೋ ಆಕೆಗೆ ಹೇಳಿದ್ದರು. ಅಷ್ಟು ದೂರ ಕೆಸರಿನಲ್ಲಿ ನಡೆದೇ ಬಂದಿದ್ದಳು. ಹಬ್ಬದ ಹೊಸ ಸೀರೆ ಮೊಣಕಾಲಿನ ತನಕ ಕಪ್ಪಾಗಿತ್ತು. ಅಣ್ಣನ ಹತ್ತಿರ ಹೋಗಲಿಲ್ಲ ಆಕೆ. ನೇರವಾಗಿ ನನ್ನ ಹತ್ತಿರ ಬಂದಳು.

"ಶಿವಣ್ಣಾ, ಅಂವ ನನ್ನ ಮಾತ ಕೇಳೂದಿಲ್ಲ. ನೀ ಹೇಳು. ನಿನ್ನೆ ನೀ ಎಣಿಸಿದ್ದು ಖರೇ ಐತಿಲ್ಲ? ಒಂಚೂರು ಸಂಶೆ ಇದ್ದರ ಹೇಳು. ಅಷ್ಟ ಸಾಕು ನನಗ, ಅವನ್ನ ಎಳಕೊಂಡ ಹೋಗತೇನಿ."

ಆಕೆ ಕೇಳಿದ್ದು ಬಹಳ ಸಣ್ಣದು. ಖರೆ ಹೇಳು ಎಂದು ಕೂಡ ಅಲ್ಲ. ಸಂಶಯ ಇದೆ ಎಂದರೆ ಸಾಕಿತ್ತು. ಸುತ್ತ ಎಲ್ಲರೂ ನಿಂತಿದ್ದರು. ದ್ಯಾಮಣ್ಣನ ಕೈಯಲ್ಲಿ ಬಂಡಿಯ ಗೂಟ ಇತ್ತು. ಅದು ಯಾಕೆ ಅವನ ಕೈಯಲ್ಲಿತ್ತೋ ತಿಳಿಯದು, ನನಗೆ ಮಾತ್ರ ಅದೊಂದೇ ಕಂಡಿತು.

"ಖರೇ ಐತಿ" ಎಂದೆ.

ಗಂಗವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ದಂಡೆಯ ಮೇಲೆ ಕುಕ್ಕರಿಸಿ ಕುಳಿತಳು. ಈರಪ್ಪ ನೀರಿಗೆ ನಮಸ್ಕಾರ ಮಾಡಿ ಇಳಿದ.

ಮೊದಲು ಚೆನ್ನಾಗಿಯೇ ಈಸಿದ. ತಲೆ, ಒಂದು ತೋಳು, ಮತ್ತೆ ತಲೆ. ನೀರು ಅವನನ್ನು ಓರೆಯಾಗಿ ಕೆಳಗೆ ಒಯ್ಯುತ್ತಿತ್ತು. ನಾವು ದಂಡೆಯ ಮೇಲೆ ಅವನ ಜೊತೆಗೇ ನಡೆದೆವು, ಆಮೇಲೆ ಓಡಿದೆವು. ನೀರು ಉಬ್ಬಿದ್ದ ನಡುಭಾಗಕ್ಕೆ ಬಂದಾಗ ಅವನು ನಿಂತ ಹಾಗಾಯಿತು. ತೋಳು ಎದ್ದಿತು. ತಿರುಗಿದ. ಒಂದು ಸಲ ಅವನ ಮುಖ ನಮ್ಮ ಕಡೆ ಕಂಡಿತು, ಬಾಯಿ ತೆರೆದಿತ್ತು. ಕೂಗಿದನೋ, ಉಸಿರು ಎಳೆದನೋ, ಆ ಸಪ್ಪಳದಲ್ಲಿ ಏನೂ ಕೇಳಲಿಲ್ಲ. ಆಮೇಲೆ ಒಂದು ದೊಡ್ಡ ಟೊಂಗೆ ಅಡ್ಡ ಬಂತು. ಅದು ದಾಟಿ ಹೋದಾಗ ಅವನಿರಲಿಲ್ಲ.

ಎಲ್ಲರೂ ಒಮ್ಮೆಗೇ ಕೂಗಿದರು. ನಾನು ಕೂಗಲಿಲ್ಲ. ಬಾಯಿ ತೆರೆದರೆ ಪುಟಾಣಿಯ ಮಾತೇ ಹೊರಗೆ ಬರುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಇದನ್ನು ಬರೆಯಲು ನನಗೆ ಬಹಳ ನಾಚಿಕೆ. ಒಬ್ಬ ಮನುಷ್ಯ ನನ್ನ ಕಣ್ಣೆದುರು ಮುಳುಗಿದಾಗಲೂ ನನಗೆ ಮೊದಲು ಬಂದದ್ದು ನನ್ನ ಅಂಜಿಕೆ. ಈಗ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದು ಕ್ಷಣ ಮಾತ್ರ. ಆದರೆ ಬಂತು.

ಮುದುಕ ಅಂಬಿಗ ತನ್ನ ಮಕ್ಕಳನ್ನು ಕೂಗಿದ. ಅವರು ಹಗ್ಗ, ತೇಲಲು ಸೋರೆ ಬುರುಡೆ ತೆಗೆದುಕೊಂಡು ಕೆಳಗಿನ ತಿರುವಿನ ಕಡೆ ಓಡಿದರು. "ಹೊಳಿ ಕೊಡೂದಿದ್ದರ ಅಲ್ಲೇ ಕೊಡತೈತಿ" ಎಂದು ಮುದುಕ ಹೇಳಿದ. ನಾವು ಹಿಂದೆ ಓಡಿದೆವು. ಎರೆ ಮಣ್ಣು ಕಾಲು ಹಿಡಿದು ಎಳೆಯುತ್ತಿತ್ತು. ನಾನು ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಗಂಗವ್ವ ನಮ್ಮೆಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಆಕೆ ಅಳುತ್ತಿರಲಿಲ್ಲ. ಅಣ್ಣನ ಹೆಸರು ಹಿಡಿದು, ಮನೆಯ ಹಿತ್ತಲಿನಲ್ಲಿರುವವನನ್ನು ಊಟಕ್ಕೆ ಕರೆದ ಹಾಗೆ ಕರೆಯುತ್ತಿದ್ದಳು. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ತಿರುವಿನಲ್ಲಿ ದಂಡೆ ಕುಸಿದು ಒಂದು ಜಾಲಿ ಗಿಡ ಅರ್ಧ ನೀರಿನಲ್ಲಿ ಮಲಗಿತ್ತು. ಎಷ್ಟು ಹೊತ್ತು ಅದನ್ನು ನೋಡಿದರೂ ಕಸ, ಕಡ್ಡಿ, ನೊರೆ ಬಿಟ್ಟು ಏನೂ ಕಾಣಲಿಲ್ಲ. ಮುದುಕನ ಹಿರಿಯ ಮಗನೇ ಮೊದಲು ಕಂಡದ್ದು. ಟೊಂಗೆಗಳ ನಡುವೆ ಎರಡು ಕೈ. ತಲೆ ನೀರಿನ ಮೇಲೆ ಬರುತ್ತಿತ್ತು, ಹೋಗುತ್ತಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬುರುಡೆ ಹಿಡಿದು ಅವನು ಇಳಿದ. ನಾವೆಲ್ಲ ಹಗ್ಗ ಹಿಡಿದೆವು. ನನ್ನ ಕೈಗೆ ಹಗ್ಗದ ಹುರಿ ಕೊರೆದು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು.

ಈರಪ್ಪನನ್ನು ದಂಡೆಗೆ ಎಳೆದಾಗ ಅವನ ಬೆರಳುಗಳು ಬಿಚ್ಚುತ್ತಿರಲಿಲ್ಲ. ಮುರಿದ ಟೊಂಗೆ ಕೈಯಲ್ಲೇ ಬಂದಿತ್ತು. ಬೋರಲು ಹಾಕಿ ನೀರು ಕಕ್ಕಿಸಿದರು. ಬಹಳ ಹೊತ್ತಿನ ಮೇಲೆ ಕೆಮ್ಮಿದ.

ಮುದುಕನ ಗುಡಿಸಲಿನಲ್ಲಿ ಕುಳ್ಳಿನ ಬೆಂಕಿ ಹಾಕಿ ಅವನನ್ನು ಮಲಗಿಸಿದರು. ಬಸವಂತ ಮತ್ತು ಉಳಿದವರು ಬಂಡಿ ಹೂಡಲು ಹೋದರು. ಒಳಗೆ ಉಳಿದವರು ಮೂವರು. ಗಂಗವ್ವ ಸೂಜಿ ಹಿಡಿದು ಅಣ್ಣನ ಅಂಗೈಯಿಂದ ಜಾಲಿ ಮುಳ್ಳು ಒಂದೊಂದೇ ಕೀಳುತ್ತಿದ್ದಳು. ನಾನು ಬಾಗಿಲ ಬಳಿ ಕುಳಿತಿದ್ದೆ.

ಈರಪ್ಪ ಕಣ್ಣು ತೆರೆದು ನನ್ನನ್ನು ನೋಡಿದ. ದನಿ ಒಡೆದಿತ್ತು. "ನಾ ಆಕಡಿ ದಂಡಿ ಮುಟ್ಟಲಿಲ್ಲ ಶಿವಪ್ಪ. ಪಂಥ ಮುಗೀಲಿಲ್ಲ. ನೀರು ಒಂಚೂರು ಇಳೀಲಿ, ಮತ್ತ ಬರತೇನಿ."

ಗಂಗವ್ವನ ಸೂಜಿ ನಿಂತಿತು. ಅವನು ತಮಾಷೆಗೆ ಹೇಳಿರಲಿಲ್ಲ. ಅವನು ಬರುತ್ತಾನೆ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಅದುವರೆಗಿನ ನನ್ನ ಅಂಜಿಕೆಯೆಲ್ಲ ಬೇರೆ, ಆ ಮಾತು ಕೇಳಿದಾಗ ಆದ ಅಂಜಿಕೆ ಬೇರೆ.

"ನೀ ಬರೂದು ಬ್ಯಾಡ" ಎಂದೆ. "ನಾ ನಿನ್ನ ಎಣಿಕಿ ಪುಟಾಣಿ ತಿಂದೇನಿ. ಮಳ್ಯಾಗ, ಖಬರಿಲ್ಲದ ತಿಂದೆ. ನೀ ಸೋತಿಲ್ಲ."

ಬೆಂಕಿ ಚಟಪಟ ಎಂದಿತು. ಈರಪ್ಪ ನನ್ನ ಕುತ್ತಿಗೆ ಹಿಡಿಯುತ್ತಾನೆ ಎಂದುಕೊಂಡೆ. ಹಿಡಿದಿದ್ದರೆ ಚಲೋ ಆಗುತ್ತಿತ್ತು.

"ಎಷ್ಟ ತಿಂದಿ?" ಎಂದು ಕೇಳಿದ.

"ಗೊತ್ತಿಲ್ಲ."

"ಒಂದೋ ಎರಡೋ?"

"ಗೊತ್ತಿಲ್ಲ, ಈರಪ್ಪ. ಖರೇನ ಗೊತ್ತಿಲ್ಲ."

"ಹಂಗಾರ ನಾ ಸೋತಿಲ್ಲ ಅಂತ ಹ್ಯಾಂಗ ಹೇಳತಿ?" ಎಂದ. ಗೋಡೆಯ ಕಡೆ ಮುಖ ತಿರುಗಿಸಿದ. ಆಕಡೆ ಮುಖ ಮಾಡಿಕೊಂಡೇ ಹೇಳಿದ, "ಹೊರಗ ಯಾರ ಮುಂದೂ ಬಾಯಿ ಬಿಡಬ್ಯಾಡ. ನಮ್ಮ ಓಣ್ಯಾರು ನಿನ್ನ ಕಡದ ಹಾಕತಾರ."

ಗಂಗವ್ವ ಮತ್ತೆ ಮುಳ್ಳು ಕೀಳಲು ಶುರುಮಾಡಿದಳು. ನನ್ನ ಕಡೆ ನೋಡಲಿಲ್ಲ. ಅಂದಿನಿಂದ ಆಕೆ ನನ್ನನ್ನು ಅಣ್ಣಾ ಎಂದು ಕರೆದಿಲ್ಲ.

ಈರಪ್ಪ ಮತ್ತೆ ಹೊಳೆಗೆ ಹೋಗಲಿಲ್ಲ. ಸೋತನೋ ಗೆದ್ದನೋ ತಿಳಿಯದ ಪಂಥಕ್ಕೆ ಅವನು ಮತ್ತೆ ಪ್ರಾಣ ಕೊಡಲಾರದೆ ಹೋದ. ಆದರೆ ಊರಿಗೆ ಇದು ಹೇಗೆ ತಿಳಿಯಬೇಕು? ಪಂಥ ಅರ್ಧಕ್ಕೆ ಬಿಟ್ಟ ಎಂದರು. ಮೇಲಿನ ಓಣಿಯ ಹುಡುಗರು ಅವನಿಗೆ "ಅರ್ಧಾಹೊಳಿ ಈರಪ್ಪ" ಎಂದು ಹೆಸರಿಟ್ಟರು. ಆ ಹೆಸರು ಅವನಿಗೆ ಅಂಟಿಕೊಂಡಿತು. ಸಂತೆಯಲ್ಲಿ, ಮದುವೆಯಲ್ಲಿ, ಅವನ ಮಕ್ಕಳಿಗೆ ಸಾಲಿಯಲ್ಲಿ ಕೂಡ ಅದೇ ಹೆಸರು. ನಾನು ಎದುರಿಗೇ ಇರುತ್ತಿದ್ದೆ. ಅವನು ಒಮ್ಮೆ ನನ್ನ ಕಡೆ ನೋಡುತ್ತಿದ್ದ, ನಾನು ನೆಲ ನೋಡುತ್ತಿದ್ದೆ. ಬಾಯಿ ಬಿಡಬೇಡ ಎಂದು ಅವನೇ ಹೇಳಿದ್ದಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆಮೇಲೆ ನನಗೆ ಗಜೇಂದ್ರಗಡದಲ್ಲಿ ಕಾರಕೂನನ ನೌಕರಿ ಸಿಕ್ಕಿತು. ಊರು ಬಿಟ್ಟದ್ದು ನೌಕರಿಗಾಗಿ ಎಂದು ಎಲ್ಲರೂ ತಿಳಿದರು.

ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಈರಪ್ಪ ಸಿಗುತ್ತಿದ್ದ. ಚಹಾ ಕುಡಿಸುತ್ತಿದ್ದ. ಮಳೆ, ಬೆಳೆ, ಮಕ್ಕಳ ಮಾತಾಡುತ್ತಿದ್ದ. ಏಳುವಾಗ ಮೆಲ್ಲಗೆ ಕೇಳುತ್ತಿದ್ದ, "ನೆನಪಾತೇನ? ಎಷ್ಟ?" ದನಿಯಲ್ಲಿ ಸಿಟ್ಟು ಇರುತ್ತಿರಲಿಲ್ಲ. ನಾನು ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ. ಆ ಒಂದು ಪ್ರಶ್ನೆಯ ಅಂಜಿಕೆಗೆ ಎಷ್ಟೋ ಹಬ್ಬಗಳಿಗೆ ನಾನು ಊರಿಗೆ ಹೋಗಲಿಲ್ಲ.

ಕೆಲವು ವರ್ಷಗಳ ಹಿಂದೆ ಅವನು ಹಾಸಿಗೆ ಹಿಡಿದ ಸುದ್ದಿ ಬಂತು. ಹೋದೆ. ಗುರುತು ಸಿಗದಷ್ಟು ಇಳಿದಿದ್ದ. ಮಗ ನನ್ನ ಹೆಸರು ಹೇಳಿದ ಮೇಲೆ ಕಣ್ಣು ತೆರೆದ. ತುಟಿ ಅಲುಗಿದವು. ಮಗನಿಗೆ ಅರ್ಥವಾಗಲಿಲ್ಲ, ನನಗೆ ಅರ್ಥವಾಯಿತು.

"ಎರಡು" ಎಂದೆ. "ಎರಡ ತಿಂದಿದ್ನಿ ಈರಪ್ಪ. ನೆನಪಾತು."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆ ವಯಸ್ಸಿನಲ್ಲಿ, ಆ ಸ್ಥಿತಿಯಲ್ಲಿ ಕೂಡ ಹಾಕಿದ. "ಹಂಗಾರ ಎಂಟು. ನಾ ಗೆದ್ದಿದ್ನಿ" ಎಂದ.

"ಹೌದು. ನೀನ ಗೆದ್ದಿದ್ದಿ."

ಅವನು ಮಗನ ಕೈ ಹಿಡಿದು, ಗಂಗವ್ವಗ ಹೇಳಿ ಕಳಿಸು ಎಂದ. ಮಗ ನನ್ನ ಮುಖ ನೋಡಿದ. ಜ್ವರದ ಮಾತು ಎಂದು ತಿಳಿದನೇನೋ. ಆದರೂ ಇಟಗಿಗೆ ಹೇಳಿ ಕಳಿಸಿದ. ಆಕೆ ಬಂದು ಅಣ್ಣನ ಬಾಯಿಂದ ಅದನ್ನು ಕೇಳಿದಳು ಎಂದು ಆಮೇಲೆ ತಿಳಿಯಿತು. ಆ ವಾರದಲ್ಲೇ ಅವನು ಹೋದ.

ನನಗೆ ನೆನಪಾಗಿರಲಿಲ್ಲ. ಇಂದಿಗೂ ನೆನಪಿಲ್ಲ. ಒಂದಿರಬಹುದು, ಎರಡಿರಬಹುದು, ನಾಲ್ಕಿರಬಹುದು. ಹಲ್ಲಿನ ಸಂದಿಯ ಚೂರು ಮಳೆಗೆ ಮೊದಲು ಬಲ ಜೇಬಿನಿಂದ ತಿಂದದ್ದೇ ಆಗಿದ್ದು, ಈರಪ್ಪ ಖರೇನೇ ಒಂದು ಕಾಳಿನಿಂದ ಸೋತಿರಲೂಬಹುದು. ಬಾವಿಯಲ್ಲಿ ನನ್ನ ಜೊತೆ ಈಸು ಕಲಿತ ಗೆಳೆಯನಿಗೆ ಮೊದಲು ಅಂಜಿಕೆಯಿಂದ ಸುಳ್ಳು ಲೆಕ್ಕ ಕೊಟ್ಟೆ, ಕೊನೆಗೆ ಕನಿಕರದಿಂದ ಸುಳ್ಳು ಲೆಕ್ಕ ಕೊಟ್ಟೆ. ಅವನು ಎರಡನ್ನೂ ನಂಬಿದ.

ಗಂಗವ್ವ ಇನ್ನೂ ಇದ್ದಾಳೆ. ಆಕೆಗೆ ಓದು ಬಾರದು. ಆದರೆ ಇದು ಅಚ್ಚಾಗುವ ಪತ್ರಿಕೆ ಇಟಗಿಗೂ ಹೋಗುತ್ತದೆ, ಆಕೆಯ ಮೊಮ್ಮಕ್ಕಳು ಓದಿದವರು. ಯಾರಾದರೂ ಇದನ್ನು ಆಕೆಗೆ ಓದಿ ಹೇಳಬಹುದು, ಅಣ್ಣ ಗೆದ್ದು ಹೋದ ಎಂಬ ಸಮಾಧಾನವೂ ಆಕೆಯ ಕೈ ತಪ್ಪಬಹುದು. ಹೊಳೆಯ ದಂಡೆಯ ಮೇಲೆ ಆಕೆ ಕೇಳಿದಾಗ ಸಂಶಯವಿದೆ ಎಂಬ ಒಂದು ಮಾತು ಹೇಳಲು ನನ್ನಿಂದ ಆಗಲಿಲ್ಲ. ಇಷ್ಟು ವರ್ಷ ತಡವಾಗಿ ಈಗ ಹೇಳುತ್ತಿದ್ದೇನೆ. ಆಕೆ ಏನನ್ನುತ್ತಾಳೋ ಎಂದು ಈ ಸಾಲು ಬರೆಯುವಾಗಲೂ ಅಂಜಿಕೆ ಆಗುತ್ತಿದೆ.